ಅಕ್ಕ ಬಂದರೂ ಫಿನಾಯಿಲ್ಲೇ ಮಾಡಬೇಕೆ?

ವಲಸೆ ಮತ್ತು ಅಭಿವೃದ್ಧಿ ಇಲಾಖೆಯ ನಿರ್ದೇಶಕರಾಗಿರುವ ತಮಗೆ,

ನಮ್ಮ ಬೀದಿಯಲ್ಲಿ ಇನ್ನೊಂದು ಬಾಟಲಿ ಫಿನಾಯಿಲ್ ತಯಾರಾದರೆ ನೆಲವೇ ಕರಗಿಹೋಗುತ್ತದೆ. ದಯವಿಟ್ಟು ನಿಲ್ಲಿಸಿ.

ಹೊರದೇಶದಲ್ಲಿ ದುಡಿದು ವಾಪಸು ಬಂದವರು ಸ್ವಂತ ಉದ್ಯೋಗ ಹಿಡಿಯಲಿ ಎಂದು ತಮ್ಮ ಇಲಾಖೆ ಸಾಲ ಕೊಡುತ್ತದೆ. ಒಳ್ಳೆಯದೇ. ಆದರೆ ಸಾಲ ಸಿಗಬೇಕಾದರೆ ತಮ್ಮಲ್ಲೇ ತರಬೇತಿ ಪಡೆಯಬೇಕು. ತರಬೇತಿಗೆ ಇರುವುದು ಒಬ್ಬರೇ ಮೇಷ್ಟರು. ಆ ಮೇಷ್ಟರಿಗೆ ಬರುವುದು ಒಂದೇ ವಿದ್ಯೆ, ಫಿನಾಯಿಲ್. ಹಾಗಾಗಿ ಮುಗಿಲೆತ್ತರದ ಕಟ್ಟಡ ಕಟ್ಟಿ ಬಂದ ಗಾರೆ ಮೇಸ್ತ್ರಿಯೂ ಫಿನಾಯಿಲ್ ಮಾಡುತ್ತಾರೆ, ಹಡಗಿನಲ್ಲಿ ನೂರಾರು ಜನಕ್ಕೆ ಬೇಯಿಸಿ ಹಾಕಿ ಬಂದ ಅಡುಗೆಯವರೂ ಫಿನಾಯಿಲ್ ಮಾಡುತ್ತಾರೆ. ನಮ್ಮ ಎದುರು ಮನೆ ಚಿಕ್ಕಮ್ಮ ಹರೆಯವನ್ನೆಲ್ಲ ಪರದೇಶದಲ್ಲಿ ಕಂಡವರ ಮನೆ ನೆಲ ಒರೆಸಿ ಕಳೆದವರು. ಅವರಿಗೆ ತಾವು ಹುಡುಕಿಕೊಟ್ಟ ಹೊಸ ಬಾಳು ಯಾವುದು? ನೆಲ ಒರೆಸುವ ನೀರು ಕಲೆಸುವುದು. ಇದು ಯಾರ ತಲೆಯಲ್ಲಿ ಹೊಳೆಯಿತೋ, ಅವರ ತಲೆಯನ್ನೊಮ್ಮೆ ಒಳಗಿನಿಂದ ತೊಳೆದು ನೋಡಬೇಕು.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಆಮೇಲೆ ಬೇಕರಿಯಲ್ಲಿದ್ದೆ, ಪ್ರೆಸ್ಸಿನಲ್ಲಿದ್ದೆ, ಬಟ್ಟೆ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ "ಇದು ನಿಮಗೆ ಒಪ್ಪಲ್ಲ" ಅಂದು ಕೆಲಸ ಕಳೆದುಕೊಂಡೆ. ಈಗ ನಮ್ಮ ಬೀದಿಯ ಫಿನಾಯಿಲನ್ನು ಹಳೇ ಸ್ಕೂಟರಿನಲ್ಲಿ ಹೇರಿಕೊಂಡು ಅಂಗಡಿ ಅಂಗಡಿ ಸುತ್ತುತ್ತೇನೆ. ಮೊನ್ನೆ ಕಿರಾಣಿ ಅಂಗಡಿಯವರು ನನ್ನ ಸ್ಕೂಟರಿನ ಸದ್ದು ಕೇಳಿಯೇ ಶಟರ್ ಅರ್ಧ ಎಳೆದರು.

"ಅಮ್ಮಾ ತಾಯಿ, ಕೈ ಮುಗೀತೀನಿ. ಅಕ್ಕಿ ಇಡೋಕೆ ಜಾಗ ಇಲ್ಲ ನಂಗೆ."

"ಎರಡೇ ಬಾಟ್ಲಿ ಅಂಕಲ್. ವಾಸನೆ ಚೆನ್ನಾಗಿದೆ."

"ವಾಸನೆ ಬಗ್ಗೆ ಮಾತಾಡ್ಬೇಡ. ನಿನ್ನೆ ಒಬ್ರು ಸಕ್ಕರೆ ವಾಪಸ್ ತಂದ್ಕೊಟ್ರು, ಟೀಗೆ ಹಾಕಿದ್ರೆ ಆಸ್ಪತ್ರೆ ನೆನಪಾಗುತ್ತಂತೆ!"

ಹೀಗಾಗಿ ನಮ್ಮ ಬೀದಿಯವರು ಒಬ್ಬರ ಫಿನಾಯಿಲನ್ನು ಇನ್ನೊಬ್ಬರು ಕೊಳ್ಳುತ್ತಿದ್ದಾರೆ. ತಮ್ಮ ವಾರ್ಷಿಕ ವರದಿಯಲ್ಲಿ ಮಾತ್ರ ಇದೇ ಬೀದಿ "ಉದ್ಯಮಶೀಲ ಬಡಾವಣೆ" ಆಗಿದೆ. ಚಿಕ್ಕಮ್ಮನ ಚಿತ್ರವೂ ಇದೆ. ನಗುತ್ತಿದ್ದಾರೆ. ಫೋಟೊ ತೆಗೆಯುವವರು ನಗಿ ಅಂದಿದ್ದಕ್ಕೆ ನಕ್ಕೆ ಎಂದು ಅವರೇ ಹೇಳಿದರು.

ಇದನ್ನೆಲ್ಲ ನೋಡಿ ನಕ್ಕು ಸುಮ್ಮನಿರುತ್ತಿದ್ದೆ. ಸುಮ್ಮನಿರಲು ಬಿಡದವಳು ನನ್ನ ಅಕ್ಕ. ಅವಳು ಹನ್ನೊಂದು ವರ್ಷದಿಂದ ಪರದೇಶದ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಾಳೆ. ಹಾಸಿಗೆ ಬಟ್ಟೆ ಮಡಚಲು ಹೋದವಳು ಈಗ ಇಡೀ ಲಾಂಡ್ರಿ ನೋಡಿಕೊಳ್ಳುತ್ತಾಳೆ. ಈ ತಿಂಗಳ ಕೊನೆಗೆ ಅವಳ ಕರಾರು ಮುಗಿಯುತ್ತದೆ. ಮತ್ತೆ ಸಹಿ ಹಾಕಬೇಕು, ಇಲ್ಲ ವಾಪಸು ಬರಬೇಕು. ಅವಳು ನನಗೆ ಫೋನು ಮಾಡಿ, "ಪುಟ್ಟೀ, ನೀನೊಬ್ಬಳೇ ನಂಗೆ ಸುಳ್ಳು ಹೇಳಲ್ಲ. ಬರ್ಲಾ, ಬೇಡ್ವಾ?" ಅಂದಳು.

ಈ ಪ್ರಶ್ನೆ ಅಕ್ಷರಶಃ ತಮ್ಮ ಇಲಾಖೆಗೆ ಸೇರಿದ್ದು ಎಂದುಕೊಂಡು ನಾನು ತಮ್ಮ ಕಚೇರಿಗೆ ಬಂದೆ. ಬಾಗಿಲಲ್ಲೇ ದೊಡ್ಡ ಫಲಕ: "ವಲಸಿಗರೇ ನಮ್ಮ ಅಭಿವೃದ್ಧಿಯ ಬೆನ್ನೆಲುಬು." ಕೌಂಟರಿನಲ್ಲಿದ್ದ ಗುಮಾಸ್ತರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು.

"ನಿಮ್ಮಕ್ಕ ಬಂದು ಏನು ಮಾಡ್ಬೇಕು ಅಂತಿದ್ದಾರೆ?"

"ಲಾಂಡ್ರಿ ಇಡ್ತಾಳಂತೆ ಸರ್. ನಮ್ಮೂರಿನ ಸರ್ಕಾರಿ ಆಸ್ಪತ್ರೆ ಬಟ್ಟೆ ಲಾರೀಲಿ ಬೇರೆ ಊರಿಗೆ ಹೋಗ್ತಿದೆ ತೊಳೆಯೋಕೆ. ಅದು ಬರೋವರೆಗೆ ರೋಗಿಗಳು ಮನೆಯಿಂದ ಹೊದಿಕೆ ತರ್ತಾರೆ. ಅದನ್ನ ಇಲ್ಲೇ ತೊಳೆದ್ರೆ ಆಯ್ತಲ್ಲ?"

"ಲಾಂಡ್ರಿಗೆ ನಮ್ಮಲ್ಲಿ ತರಬೇತಿ ಇಲ್ಲಮ್ಮ."

"ಅವಳಿಗೆ ತರಬೇತಿ ಯಾಕೆ ಸರ್? ಅವಳೇ ಬೇರೆಯವರಿಗೆ ಕಲಿಸ್ತಾಳೆ."

"ತರಬೇತಿ ಇಲ್ದೆ ಸಾಲ ಬರಲ್ಲ. ಫಿನಾಯಿಲ್ ತಗೊಳ್ಳಿ, ಸುಲಭ." ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿ, "ನಿಜ ಹೇಳ್ಲಾ? ಅವ್ರು ಅಲ್ಲೇ ಇದ್ರೆ ದೇಶಕ್ಕೂ ಲಾಭ, ನಿಮ್ಮ ಮನೆಗೂ ಲಾಭ" ಅಂದರು.

ಸ್ವಾಮಿ, ತಮ್ಮ ಇಲಾಖೆಯಲ್ಲಿ ನಾನು ಕೇಳಿದ ಏಕೈಕ ಪ್ರಾಮಾಣಿಕ ಮಾತು ಅದು. ಆ ಗುಮಾಸ್ತರಿಗೆ ಬಡ್ತಿ ಕೊಡಿ.

ಬೆನ್ನೆಲುಬು ಎಂದಿರಿ. ಬೆನ್ನೆಲುಬು ಇರಬೇಕಾದದ್ದು ಬೆನ್ನಿನಲ್ಲಿ. ಅದನ್ನು ಕಿತ್ತು ವಿಮಾನ ಹತ್ತಿಸಿ, ದೂರದಿಂದ ಹಾರ ಹಾಕುವ ದೇಹ ಎಷ್ಟು ದಿನ ನೆಟ್ಟಗೆ ನಿಂತೀತು? ಹೊರಗಿನಿಂದ ಬರುವ ಹಣ ಅಭಿವೃದ್ಧಿ ಎಂದು ತಾವು ಹೋದಲ್ಲೆಲ್ಲ ಭಾಷಣ ಮಾಡುತ್ತೀರಿ. ನಾನು ಆ ಹಣದ ಅನ್ನ ತಿಂದವಳು, ಅದರ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಅಕ್ಕನ ದುಡಿಮೆಯಿಂದ ಅಮ್ಮನ ಕಣ್ಣಿನ ಆಪರೇಷನ್ ಆಯಿತು, ಮನೆಗೆ ಗಟ್ಟಿ ಸೂರು ಬಂತು, ನನ್ನ ಶಾಲೆಯ ಫೀಸೂ ಕಟ್ಟಲಾಯಿತು. ಅದು ನೀರಿನಲ್ಲಿ ಹೋಮವಾದದ್ದು ಬೇರೆ ಮಾತು. ಆದರೆ ನಮ್ಮ ಮನೆಯನ್ನೊಮ್ಮೆ ನೋಡಿ. ಟಿವಿ ಹೊರದೇಶದ್ದು, ಮಿಕ್ಸಿ ಹೊರದೇಶದ್ದು, ಅಣ್ಣನ ಬೈಕು ಹೊರದೇಶದ್ದು. ಅಕ್ಕ ಕಳಿಸಿದ ಹಣ ನಮ್ಮ ಊರಿನಲ್ಲಿ ಒಂದು ರಾತ್ರಿಯೂ ತಂಗದೆ, ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಇತ್ತ ನಲ್ಲಿ ಸೋರಿದರೆ ರಿಪೇರಿಗೆ ಜನ ಇಲ್ಲ. ನಲ್ಲಿ ರಿಪೇರಿಯವರೂ ತಮ್ಮ ಬೆನ್ನೆಲುಬಿನ ಪಟ್ಟಿಗೆ ಸೇರಿ ವಿಮಾನ ಹತ್ತಿದ್ದಾರೆ. ಅವರು ಒಂದು ದಿನ ಹಿಂತಿರುಗುತ್ತಾರೆ. ಬಂದು ಏನು ಮಾಡುತ್ತಾರೆ ಎಂದು ಬೇರೆ ಹೇಳಬೇಕೆ?

ತಮ್ಮ ಮೇಲೆ ಮಾತ್ರ ಗೂಬೆ ಕೂರಿಸುವುದಿಲ್ಲ. ಕಚೇರಿಯಿಂದ ಬಂದು ಮನೆಯಲ್ಲಿ ವಿಷಯ ಎತ್ತಿದೆ. ಅಮ್ಮ ಸೊಪ್ಪು ಬಿಡಿಸುತ್ತಾ, "ಇನ್ನೊಂದು ಸಲ ಸಹಿ ಹಾಕ್ಲಿ ಬಿಡೇ. ಅಲ್ಲಿ ಅವ್ಳಿಗೇನು ಕಮ್ಮಿ?" ಎಂದಳು.

"ನಾವು ಕಮ್ಮಿ ಅಮ್ಮಾ" ಎಂದೆ.

ಅಣ್ಣ ಮೊಬೈಲಿನಿಂದ ತಲೆ ಎತ್ತದೆ, "ಬಂದು ಇಲ್ಲೇನು ಕಡಿದು ಕಟ್ಟೆ ಹಾಕ್ತಾಳೆ?" ಎಂದ.

"ನೀನು ಇಲ್ಲೇ ಇದ್ಕೊಂಡು ಹಾಕಿರೋ ಕಟ್ಟೆ ಎಲ್ಲಿದೆ, ತೋರಿಸಣ್ಣ. ಹತ್ತಿ ಕೂತ್ಕೋತೀನಿ."

ಅಂದು ರಾತ್ರಿ ಅಣ್ಣ ಊಟ ಮಾಡಲಿಲ್ಲ. ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಅಮ್ಮನಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅಕ್ಕ ಬಂದರೆ ಒಲೆ ಹೇಗೆ ಉರಿದೀತು ಎಂಬ ಭಯ ಅದು. ಹೆತ್ತ ಮಗಳು ಮನೆಗೆ ಬರುತ್ತೇನೆ ಅಂದರೆ ತಾಯಿಗೆ ಎದೆ ಧಸಕ್ ಅನ್ನುವಂತೆ ಮಾಡಿದ್ದು ಯಾವ ಬಗೆಯ ಅಭಿವೃದ್ಧಿ? ಅದಕ್ಕೆ ತಮ್ಮ ವರದಿಯಲ್ಲಿ ಒಂದು ಕೋಷ್ಟಕ ಇದೆಯೆ?

ಮೂರು ದಿನ ನಾನು ಅಕ್ಕನ ಫೋನು ಎತ್ತಲಿಲ್ಲ. ನಾಲ್ಕನೆಯ ದಿನ ಎತ್ತಿದೆ. ಇದ್ದದ್ದು ಇದ್ದಹಾಗೆ ಹೇಳಿದೆ. ಸಾಲ ಸಿಗುವುದಿಲ್ಲ, ಅಮ್ಮನಿಗೆ ಭಯ, ಅಣ್ಣನಿಗೆ ಬೈಕಿನ ಕಂತಿನ ಚಿಂತೆ, ನಿನ್ನ ಕೋಣೆಯ ತುಂಬ ಫಿನಾಯಿಲ್ ಡಬ್ಬಗಳು ಎಂದೆ. ಆ ಕಡೆ ಯಂತ್ರಗಳ ಸದ್ದು ದೂರವಾಯಿತು, ಅವಳು ಲಾಂಡ್ರಿಯಿಂದ ಹೊರಗೆ ಬಂದಿರಬೇಕು. ಆಮೇಲೆ ಅವಳು ಕೇಳಿದಳು:

"ನಿಂಗೆ? ನಿಂಗೆ ನಾನು ಬರೋದು ಬೇಕಾ ಪುಟ್ಟೀ?"

"ಬೇಕು" ಎಂದೆ. ಅದೂ ಸುಳ್ಳಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಹೊರಗೆ ಕಲಿತು ಬಂದ ಕೆಲಸವನ್ನೇ ತರಬೇತಿ ಎಂದು ಒಪ್ಪಿ ಸಾಲ ಕೊಡಿ. ಆಸ್ಪತ್ರೆಯ ಬಟ್ಟೆ ತೊಳೆಯುವ ಗುತ್ತಿಗೆಗೆ ವಾಪಸು ಬಂದವರೂ ಅರ್ಜಿ ಹಾಕಲು ಬಿಡಿ. ಪುಕ್ಕಟೆ ಕೊಡಿ ಎಂದು ಕೇಳುತ್ತಿಲ್ಲ, ಕೆಲಸ ನೋಡಿ ಕೊಡಿ. ಇವೆರಡೂ ಆಗದಿದ್ದರೆ ಬಾಗಿಲಿನ ಫಲಕ ತೆಗೆಸಿ, "ಹಣ ಬರಲಿ, ನೀವು ಬರಬೇಡಿ" ಎಂದು ದೊಡ್ಡಕ್ಷರದಲ್ಲಿ ಬರೆಸಿ. ಕನಿಷ್ಠ ನನ್ನಂಥವರಿಗೆ ಆ ಮಾತನ್ನು ಫೋನಿನಲ್ಲಿ ಹೇಳುವ ಸಂಕಟ ತಪ್ಪುತ್ತದೆ.

ಬೇಗ ತೀರ್ಮಾನಿಸಿ. ಅಕ್ಕ ಸಹಿ ಹಾಕಲಿಲ್ಲ. ಟಿಕೆಟ್ ಆಗಿದೆ. ಮೊದಲು ತಮ್ಮ ಕೌಂಟರಿಗೇ ಬರುತ್ತಾಳಂತೆ. ನನ್ನ ಹಾಗೆ ಕಾಗದ ಬರೆದು ಸುಮ್ಮನಾಗುವವಳಲ್ಲ ಅವಳು. ಹೆಚ್ಚು ಮಾತಾಡುವುದಿಲ್ಲ, ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಕೆಲಸ ಆಗುವವರೆಗೆ ಏಳುವುದಿಲ್ಲ.

ಇಂತಿ,
ತಮ್ಮ ಅಂಕಿಅಂಶಗಳಲ್ಲಿ "ಅವಲಂಬಿತರು" ಎಂಬ ಸಾಲಿನಲ್ಲಿ ಎಲ್ಲೋ ಸೇರಿಹೋಗಿರುವ,
ಅಕ್ಕನಿಗೆ ಬಾ ಎಂದು ಹೇಳಿ ಮನೆಯಲ್ಲಿ ಎಲ್ಲರ ಬಾಯಿಗೆ ಬಿದ್ದಿರುವ ತಂಗಿ