ಮೂರನೆಯ ಉತ್ತರದಲ್ಲಿ ಕೇಳಿದ ದನಿ

ವಿಜಯಪುರ,
ಮಂಗಳವಾರ

ಲಾ ಫರ್ಮಿನ ನೇಮಕಾತಿ ನೋಡಿಕೊಳ್ಳುವ ಮೇಡಂ ಅವರಿಗೆ ನಮಸ್ಕಾರಗಳು.

ನಿನ್ನೆ ನಾನು ಕಳಿಸಿದ ವಿಡಿಯೋ ಸಂದರ್ಶನದ ಮೂರನೆಯ ಉತ್ತರದಲ್ಲಿ ಇನ್ನೊಂದು ದನಿ ಕೇಳುತ್ತದೆ. ಅದು ನನ್ನ ಅಜ್ಜಿ ಸಕ್ರವ್ವನದು. ಪರದೆಯ ಮೇಲೆ ಬರೀ ಪ್ರಶ್ನೆ ಮೂಡುತ್ತದೆ, ಕೇಳುವವರ ಮುಖ ಇರುವುದಿಲ್ಲ. ಮುಖ ಕಾಣದೆ ನನಗೆ ಮಾತೇ ಹೊರಡದು. ಅದಕ್ಕೇ ವಾರವಿಡೀ ಅವಳನ್ನು ಫೋನಿನ ಹಿಂದೆ ಕೂರಿಸಿಕೊಂಡು ಅಭ್ಯಾಸ ಮಾಡಿದ್ದೆ. ನಿನ್ನೆಯೂ ಹಾಗೇ ಕೂರಿಸಿ, ಸುಮ್ಮನೆ ತಲೆಯಾಡಿಸು ಎಂದಿದ್ದೆ.

'ನೀವು ಬಗೆಹರಿಸಿದ ಒಂದು ವ್ಯಾಜ್ಯ ತಿಳಿಸಿ' ಎಂಬ ಪ್ರಶ್ನೆ ಅಭ್ಯಾಸದಲ್ಲಿ ಬಂದಿರಲಿಲ್ಲ. ಅರಕೇರಿಯ ಅಣ್ಣತಮ್ಮಂದಿರ ಹೊಲದ ಬದುವಿನ ಜಗಳವನ್ನು ನಾನೇ ಬಗೆಹರಿಸಿದೆ ಎಂದು ಹೇಳಿಬಿಟ್ಟೆ. ಅಜ್ಜಿಗೆ ತಡೆಯಲಾಗಲಿಲ್ಲ: "ಅದನ್ನ ಬಗೆಹರಿಸಿದಾಕಿ ನಾ ಅಲ್ಲೇನ್ ಬೇ? ನೀ ಬರೇ ಚಾ ತಂದ ಕೊಟ್ಟಿ."

ಅವಳು ಹೇಳಿದ್ದೇ ನಿಜ. ಇನ್ನೊಮ್ಮೆ ರೆಕಾರ್ಡ್ ಮಾಡಲು ಅವಕಾಶವಿದ್ದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಮುಗಿದ ಮೇಲೆ ಅಜ್ಜಿಯ ಮೇಲೆ ರೇಗಿದೆ. "ಯಾರ್ ಕೇಳಾಕತ್ತಿದ್ರು?" ಎಂದಳು. ಆ ಕಡೆ ಯಾರೂ ಇಲ್ಲ ಎಂದೆ.

"ಯಾರೂ ಇಲ್ಲಂದ್ರ, ಸುಳ್ಳು ಯಾರಿಗಿ ಹೇಳಿದಿ?"

ನನಗೂ ಗೊತ್ತಿಲ್ಲ ಮೇಡಂ. ಆ ಉತ್ತರಕ್ಕೆ ಅಂಕ ಬೇಡ. ವಿಡಿಯೋ ನೋಡುವವರು ಮನುಷ್ಯರೇ ಆಗಿದ್ದರೆ ಅವರ ಹೆಸರು ತಿಳಿಸಿ. ಅಜ್ಜಿ ಇನ್ನೂ ಕೇಳುತ್ತಿದ್ದಾಳೆ.

ಇಂತಿ,
ಕಸ್ತೂರಿ