ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಕಡೆ ಬೇಡ

ಸತ್ವಾ, ದುಬೈ
17 ಆಗಸ್ಟ್ 2025

ಪ್ರೀತಿಯ ಲವಿಟಾಳ ಪಪ್ಪನಿಗೆ,

ಅಗಾತಾಳ ನಮಸ್ಕಾರ. ನಾವಿಬ್ಬರೂ ಸೌಖ್ಯ, ನೀವೂ ಅಲ್ಲಿ ಸೌಖ್ಯವೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಬೇಸರ ಮಾಡಬೇಡಿ. ಕ್ಲಿನಿಕ್‌ನಲ್ಲಿ ನನ್ನ ಜೊತೆ ಕೌಂಟರಿನಲ್ಲಿ ಕೂರುವ ಹುಡುಗಿ ರಜೆಯಲ್ಲಿದ್ದಾಳೆ, ಅವಳ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗುತ್ತೀರಿ. ನಗಿ. ಫೋನ್ ಮಾಡಿದರೆ "ಸಿಗ್ನಲ್ ಇಲ್ಲ" ಎಂದು ಇಟ್ಟುಬಿಡುತ್ತೀರಿ. ಸಮುದ್ರದ ಅಡಿಯಿಂದ ಎಣ್ಣೆ ಎತ್ತುವ ನಿಮ್ಮ ಕಂಪೆನಿಗೆ ಒಂದು ಟವರ್ ಎತ್ತಿ ನಿಲ್ಲಿಸಲು ಬರುವುದಿಲ್ಲವೇ? ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲ. ನಿಮ್ಮ ಕಂಪೆನಿಯ ದ್ವೀಪದಲ್ಲೇ ಕೆಲಸ ಮಾಡುವ ಅಹ್ಮದ್ ಭಾಯ್ ರಜೆ ಮುಗಿಸಿ ನಾಳೆ ಹೊರಡುತ್ತಾರಂತೆ, ಅವರ ಕೈಯಲ್ಲಿ ಕೊಡುತ್ತೇನೆ.

ವಿಷಯ ನಿಮಗೆ ಗೊತ್ತಿದ್ದದ್ದೇ, ಮಗಳ ಕಾಲೇಜು. ಹನ್ನೆರಡನೆಯ ತರಗತಿಯ ಮಾರ್ಕು ನೋಡಿ ದೊಡ್ಡ ಯೂನಿವರ್ಸಿಟಿಗಳು ಇವಳಿಗೆ ಬಾಗಿಲು ಹಾಕಿದವು. ಬಾಗಿಲು ತೆರೆದವರ ಫೀಸು ಕೇಳಿ ನಾವೇ ಬಾಗಿಲು ಹಾಕಿಕೊಂಡೆವು. ಉಳಿದದ್ದು ಗೋದಾಮುಗಳಿರುವ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆ ಕಮ್ಯುನಿಟಿ ಕಾಲೇಜು. ಎರಡು ವರ್ಷದ ಲ್ಯಾಬ್ ಡಿಪ್ಲೊಮಾ. ಪಾಸಾದರೆ ಡಿಗ್ರಿಯ ಮೂರನೆಯ ವರ್ಷಕ್ಕೇ ಸೇರಬಹುದು. ನೀವು ಫೋನಿನಲ್ಲಿ "ಅರ್ಧ ಬೆಂದ ಅನ್ನ" ಎಂದಿರಿ. ಅದನ್ನು ನಾನು ಹಾಗೆಯೇ ಅಲ್ಲಿಯ ಟೀಚರ್ ಸಬೀನ ಮೇಡಂ ಹತ್ತಿರ ಹೇಳಿದೆ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. "ಮೊದಲ ಎರಡು ವರ್ಷ ಎಲ್ಲಿ ಓದಿದರೂ ಅದೇ ಕೆಮಿಸ್ಟ್ರಿ, ಅದೇ ಬಯಾಲಜಿ. ಅಲ್ಲಿ ಮುನ್ನೂರು ಮಕ್ಕಳ ಹಿಂದೆ ಕೂತು ಕೇಳ್ತಾಳೆ, ಇಲ್ಲಿ ನನ್ನ ಎದುರು ಕೂತು ಕೇಳ್ತಾಳೆ. ಹೆದರುವ ಮಕ್ಕಳಿಗೆ ಆರಂಭ ಹೀಗೇ ಆಗ್ಬೇಕು" ಎಂದರು. ಲವಿಟಾ ಪರೀಕ್ಷೆಯ ಹಾಲ್‌ನಲ್ಲಿ ನಡುಗುವ ಮಗು. ನನಗೆ ಆ ಮಾತು ಸರಿ ಕಂಡಿತು.

ಇಗರ್ಜಿಯಲ್ಲಿ ಸಿಕ್ಕಿದ ಮಿರ್ದಿಫ್‌ನ ನ್ಯಾನ್ಸಿ, "ಓ, ಕಮ್ಯುನಿಟಿ ಕಾಲೇಜಾ? ಅಲ್ಲಿ ಹೊಲಿಗೆ ಸಹ ಕಲಿಸ್ತಾರಾ?" ಎಂದು ಕೇಳಿದಳು. ಕಲಿಸಿದರೆ ಮೊದಲು ನಿನ್ನ ಬಾಯಿ ಹೊಲಿಸುತ್ತೇನೆ ಎಂದು ನಾಲಿಗೆಯ ತುದಿಗೆ ಬಂತು. ಪೂಜೆ ಆಗಷ್ಟೇ ಮುಗಿದಿತ್ತು, ಸುಮ್ಮನಾದೆ.

ನ್ಯಾನ್ಸಿಯ ಮಾತು ಅರ್ಥವಾಗುತ್ತದೆ, ನಿಮ್ಮದು ಆಗುವುದಿಲ್ಲ. ಎರಡು ವರ್ಷದ ಕಾಲೇಜು ಬೇಡ ಎಂದಿರಿ, ಸರಿ, ವಾದ ಮಾಡಬಹುದು. ಆಮೇಲೆ ಶಾರ್ಜಾದಲ್ಲಿ ಅಂಥದ್ದೇ ಇನ್ನೊಂದಿದೆ ಎಂದಾಗ "ಅಲ್ಲಿಗೆ ಹೋಗಲಿ" ಎಂದು ಒಪ್ಪಿದಿರಿ. ಅಂದರೆ ಸಿಟ್ಟು ಕಾಲೇಜಿನ ಮೇಲಲ್ಲ, ಜಾಗದ ಮೇಲೆ. "ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಕಡೆ ಬೇಡ, ಖಲಾಸ್" ಎಂದು ಕಿರುಚಿದಿರಿ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನಿಮ್ಮ ಆ ಸ್ವರ ನಾನು ಕೇಳಿರಲಿಲ್ಲ. ಆಗ ನಿಮ್ಮ ಹಿಂದೆ ಲಾರಿ ರಿವರ್ಸ್ ಹೋಗುವ ಪೀಂಪೀಂ ಸದ್ದಿತ್ತು. ದ್ವೀಪದಲ್ಲಿ ಅಷ್ಟು ಲಾರಿಗಳು ಎಲ್ಲಿಂದ ಬಂದವು?

ಮೊದಲು ತಿಂಗಳಿಗೊಮ್ಮೆ ಬಂದರೆ ವಾರಗಟ್ಟಲೆ ಮನೆಯಲ್ಲಿರುತ್ತಿದ್ದಿರಿ. ಈಸ್ಟರ್ ಆದ ಮೇಲೆ ಬಂದದ್ದು ಒಂದೇ ಸಲ, ಮಾರನೆಯ ದಿನ ಹೊರಟುಬಿಟ್ಟಿರಿ. ನಿಮ್ಮ ಬಟ್ಟೆ ಯಾವಾಗಲೂ ಎರಡು ನೀರಿನಲ್ಲಿ ನೆನೆಸಿದರೂ ಎಣ್ಣೆ ವಾಸನೆ ಬಿಡುತ್ತಿರಲಿಲ್ಲ. ಆ ಸಲ ಚೀಲ ಬಿಚ್ಚಿದರೆ ಎಣ್ಣೆಯೂ ಇಲ್ಲ, ಉಪ್ಪೂ ಇಲ್ಲ. ನಾನೇನೂ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಎಂದು ಹೆದರಿಕೆಯಾಯಿತು, ನಿಜ ಹೇಳುತ್ತೇನೆ.

ಸೀಟು ಇಟ್ಟುಕೊಳ್ಳಲು ಸಬೀನ ಮೇಡಂ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ನಿಮ್ಮಿಂದ ಉತ್ತರ ಬಾರದಿದ್ದರೆ ನಾನು ಸೇರಿಸಿಬಿಡುತ್ತೇನೆ.

ದೇವರು ನಿಮ್ಮನ್ನು ಕಾಪಾಡಲಿ.

ನಿಮ್ಮ
ಅಗಾತಾ


ಸತ್ವಾ
19 ಸೆಪ್ಟೆಂಬರ್ 2025

ಪ್ರೀತಿಯ ಲವಿಟಾಳ ಪಪ್ಪನಿಗೆ,

ಮಾತೆ ಮರಿಯಮ್ಮನವರು ನಿಮ್ಮ ಜೊತೆಗಿರಲಿ. ಕಾಗದ ತಲುಪಿತೆಂದು ಅಹ್ಮದ್ ಭಾಯ್ ಫೋನಿನಲ್ಲಿ ಹೇಳಿದರು. ಉತ್ತರ ಮಾತ್ರ ಇಲ್ಲ. ತಿಂಗಳು ಮುಗಿಯಿತು, ನಾನು ಹೇಳಿದ್ದನ್ನೇ ಮಾಡಿದೆ. ಮಗಳು ಕಾಲೇಜಿಗೆ ಸೇರಿದ್ದಾಳೆ. ಬೈಯುವುದಿದ್ದರೆ ಬಂದು ಎದುರು ನಿಂತು ಬೈಯಿರಿ, ಅಷ್ಟಾದರೂ ಮುಖ ನೋಡಿದ ಹಾಗಾಗುತ್ತದೆ.

ಮಗಳು ಬದಲಾಗಿದ್ದಾಳೆ. ರಬ್ಬರಿನ ಕೈಯೊಂದಿದೆಯಂತೆ, ಅದಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯಲು ಕಲಿಸುತ್ತಾರಂತೆ. ಮೊದಲ ಸಲ ಇವಳ ಸೂಜಿ ಆಚೆ ಬದಿಗೆ ಹೊರಟಿತಂತೆ. ಟೀಚರ್ ನಕ್ಕು, "ಈ ಪೇಷಂಟ್ ಕಂಪ್ಲೇಂಟ್ ಕೊಡೋದಿಲ್ಲ, ಇನ್ನೊಮ್ಮೆ ಮಾಡು" ಎಂದರಂತೆ. ತಪ್ಪು ಮಾಡಿದರೂ ಇನ್ನೊಮ್ಮೆ ಮಾಡು ಎನ್ನುವವರು ಆ ಮಗುವಿಗೆ ಇದುವರೆಗೆ ಸಿಕ್ಕಿರಲಿಲ್ಲ. ಈಗ ಊಟಕ್ಕೆ ಕೂತಾಗಲೂ ನನ್ನ ತೋಳು ಹಿಡಿದು ನರ ಹುಡುಕುತ್ತಾಳೆ. "ಇಟ್ಸ್ ಓನ್ಲಿ ಅ ಸ್ಟಾರ್ಟ್, ಮಮ್ಮಿ, ಬಟ್ ಇಟ್ಸ್ ಮೈ ಸ್ಟಾರ್ಟ್" ಎಂದಳು. ಕೇಳಿ ನನಗೆ ಕಣ್ಣು ತುಂಬಿತು. ಈರುಳ್ಳಿ ಹೆಚ್ಚುತ್ತಿದ್ದೆ, ಹಾಗಾಗಿ ಬಚಾವಾದೆ.

ಆದರೂ ಈ ಮನೆಯಲ್ಲಿ ಏನೋ ಸರಿಯಿಲ್ಲ. ಮೊದಲ ದಿನ ಕಾಲೇಜಿಂದ ಬಂದವಳು ಊಟ ಮಾಡದೆ ಮಲಗಿದಳು. ಮಾರನೆಯ ದಿನದಿಂದ ಮುಖ ಕೆಂಡದ ಹಾಗೆ ಕೆಂಪಾಗಿ ಬರುತ್ತಾಳೆ. ವಿಚಾರಿಸಿದರೆ, ಕಾಲೇಜಿನ ಎದುರಿನ ಸ್ಟಾಪಿನಲ್ಲಿ ಇಳಿಯುವುದಿಲ್ಲವಂತೆ. ಮುಂದಿನ ಸ್ಟಾಪಿಗೆ ಹೋಗಿ, ಹಿಂದಿನ ರಸ್ತೆಯಲ್ಲಿ ಆ ಬಿಸಿಲಲ್ಲಿ ನಡೆದು ಬರುತ್ತಾಳಂತೆ. "ಐ ಲೈಕ್ ವಾಕಿಂಗ್" ಎನ್ನುತ್ತಾಳೆ. ಸೆಪ್ಟೆಂಬರಿನಲ್ಲಿ ದುಬೈಯಲ್ಲಿ ನಡೆಯಲು ಇಷ್ಟ ಎನ್ನುವವರನ್ನು ಕ್ಲಿನಿಕ್‌ಗೇ ಕರೆದುಕೊಂಡು ಹೋಗಬೇಕು. ಆ ಸ್ಟಾಪಿನಲ್ಲಿ ಯಾರಾದರೂ ಇವಳಿಗೆ ತೊಂದರೆ ಕೊಡುತ್ತಿದ್ದಾರೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತದೆ. ನಿಮ್ಮ ಹೆಸರೆತ್ತಿದರೆ ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಡುತ್ತಾಳೆ.

ನಿನ್ನೆ ಅಹ್ಮದ್ ಭಾಯ್ ಹೆಂಡತಿ ನಫೀಸಮ್ಮ ಬಂದಿದ್ದರು. ಹಬ್ಬ ಇಲ್ಲ, ಮಗುವಿನ ಹುಟ್ಟುಹಬ್ಬ ಇಲ್ಲ, ದೊಡ್ಡ ಪಾತ್ರೆಯಲ್ಲಿ ಅಕ್ಕಿಯ ಪತ್ತಿರಿ, ಕೋಳಿ ಸಾರು. ಸಾವಾದ ಮನೆಗೆ ಹಾಗೆ ತರುವುದನ್ನು ನೋಡಿದ್ದೇನೆ. "ಎಂಥದ್ದು ನಫೀಸಮ್ಮ, ಇದೆಲ್ಲ?" ಎಂದೆ. "ಎಂಥದ್ದಿಲ್ಲ ಅಗಾತಾ ಬಾಯಿ, ಸುಮ್ನೆ. ನೀವು ಸ್ವಲ್ಪ ಸಬೂರ್ ಮಾಡಿ ಆಯ್ತಾ" ಎಂದು ನನ್ನ ಕೈ ಹಿಡಿದುಕೊಂಡರು. ಯಾವುದಕ್ಕೆ ತಾಳ್ಮೆ? ಹೇಳಲಿಲ್ಲ. ಅವರು ಹೋದ ಮೇಲೆ ಪಾತ್ರೆಯ ಮುಚ್ಚಳ ತೆಗೆಯಲು ನನಗೆ ಧೈರ್ಯ ಬರಲಿಲ್ಲ.

ನಿಮಗೆ ಕಾಯಿಲೆಯೇ? ಪೊಲೀಸ್ ಕೇಸೇ? ಬೇರೆ ಯಾವಳಾದರೂ ಇದ್ದಾಳೆಯೇ? ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಏನೇ ಇದ್ದರೂ ನಿಮ್ಮ ಬಾಯಿಯಿಂದ ತಿಳಿಯಲಿ, ಊರವರ ಅಡುಗೆ ಪಾತ್ರೆಯಿಂದ ಬೇಡ. ಬೇಗ ಬನ್ನಿ. ರಾತ್ರಿಯ ತೇರ್ಸದ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಹೇಳುವಾಗ ಈಗ ನನ್ನ ಸ್ವರ ಒಂದೇ ಕೇಳುತ್ತದೆ.

ದೇವರ ಆಶೀರ್ವಾದ ನಿಮ್ಮ ಮೇಲಿರಲಿ.

ನಿಮ್ಮ
ಅಗಾತಾ

ಮರೆತ ಮಾತು ಅಂತ ಬರೆಯುವ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ. ಇವತ್ತು ಭಾನುವಾರ. ಮೇಲಿನದ್ದನ್ನು ಅಹ್ಮದ್ ಭಾಯ್‌ಗೆಂದು ಮಡಚಿಟ್ಟಿದ್ದೆ. ಬೆಳಿಗ್ಗೆ ಲವಿಟಾ, "ಐ ವಾಂಟ್ ಟು ಲೀವ್ ಕಾಲೇಜ್, ಮಮ್ಮಿ" ಎಂದಳು. ನಾನು ಬಿಡಲಿಲ್ಲ, ಗದರಿಸಿ ಕೇಳಿದೆ, ಹೇಳಿದಳು.

ಮೊದಲ ದಿನ ಬಸ್ಸಿಳಿದಾಗ ಎದುರಿನ ಗೋದಾಮಿನ ಗೇಟಿನಲ್ಲಿ ಸೆಕ್ಯುರಿಟಿಯವನ ಅಂಗಿ, ಟೊಪ್ಪಿ ಹಾಕಿಕೊಂಡು ನೀವು ನಿಂತಿದ್ದಿರಿ. "ಪಪ್ಪಾ" ಎಂದು ಕರೆದಳಂತೆ. ನೀವು ನೋಡಿದಿರಿ, ನೋಡಿ ಮುಖ ತಿರುಗಿಸಿ ಕ್ಯಾಬಿನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. "ಪಪ್ಪಾ ಡಿಡಂಟ್ ವಾಂಟ್ ಮಿ ಟು ಸೀ. ಸೋ ಐ ಡಿಡಂಟ್ ಸೀ" ಎಂದಳು. ಅವಳು ಕಾಲೇಜು ಬಿಡುವುದು ಓದು ಕಷ್ಟವೆಂದಲ್ಲ, ನೀವು ಆ ಗೇಟಿನಲ್ಲಿ ಹೆದರಿಕೆಯಿಲ್ಲದೆ ನಿಲ್ಲುವಂತಾಗಲಿ ಎಂದು.

ಅಹ್ಮದ್ ಭಾಯ್‌ಗೆ ಫೋನ್ ಮಾಡಿದೆ, ಅತ್ತುಬಿಟ್ಟರು. ಈಸ್ಟರ್ ಆದ ವಾರವೇ ದ್ವೀಪದ ಕೆಲಸ ಹೋಯಿತಂತೆ. ನನಗೆ ಹೇಳಬಾರದೆಂದು ಆಣೆ ಹಾಕಿಸಿದ್ದಿರಂತೆ. ಕೆಲಸ ಹೋಗುವುದು ಈ ಊರಿನಲ್ಲಿ ಯಾರಿಗೆ ಹೊಸತು? ಗೇಟು ಕಾಯುವುದರಲ್ಲಿ ನಾಚಿಕೆ ಏನಿದೆ? ನಿಮಗೆ ಇನ್ನೊಂದು ಆರಂಭ ಬೇಕಿತ್ತು, ಮಾಡಿಕೊಂಡಿರಿ. ಅದಕ್ಕೆ ನನಗೆ ಸಿಟ್ಟಿಲ್ಲ. ಮಗು ಕರೆದಾಗ ಬಾಗಿಲು ಹಾಕಿಕೊಂಡಿರಲ್ಲ ಡೆನಿಸ್, ಅದನ್ನು ನಾನು ಹೇಗೆ ನುಂಗಲಿ?

ಈ ಕಾಗದ ಅಹ್ಮದ್ ಭಾಯ್ ಕೈಯಲ್ಲಿ ಬರುವುದಿಲ್ಲ. ನಾಳೆ ಲವಿಟಾ ಇದನ್ನು ಹಿಡಿದುಕೊಂಡು ಕಾಲೇಜಿನ ಎದುರಿನ ಸ್ಟಾಪಿನಲ್ಲೇ ಇಳಿದು, ಗೇಟಿನ ಹತ್ತಿರ ಬಂದು, ಇನ್ನೊಂದು ಸಲ ಕರೆಯುತ್ತಾಳೆ. ಒಂದೇ ಸಲ. ನೀವು ಒಳಗೆ ಹೋದರೆ ಅವಳು ವಾಪಸು ಮನೆಗೆ ಬರುತ್ತಾಳೆ, ಮತ್ತೆ ಆ ಕಾಲೇಜಿಗೆ ಹೋಗುವುದಿಲ್ಲ. ಇದು ಅವಳ ಹಠ, ನನ್ನಿಂದ ತಡೆಯಲು ಆಗಲಿಲ್ಲ.

ಇದನ್ನು ನೀವು ಓದುತ್ತಿದ್ದೀರಿ ಎಂದಾದರೆ, ಅವಳು ನಿಮ್ಮ ಎದುರೇ ನಿಂತಿದ್ದಾಳೆ. ಓದಿದ್ದು ಸಾಕು. ಹೊತ್ತಾಗುತ್ತದೆ, ಅವಳನ್ನು ಕ್ಲಾಸಿನವರೆಗೆ ಬಿಟ್ಟು ಬನ್ನಿ.