ಇವತ್ತು ಯಾವ ವಾರ?

ಭಾನುವಾರ, ಮಧ್ಯಾಹ್ನ

ನನ್ನ ಬಾವಲಿಗೆ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಎಂದು ಹುಬ್ಬೇರಿಸಬೇಡ. ಕಣ್ಣಾಸ್ಪತ್ರೆಯ ಹಗಲು ಕೆಲಸ ಹಿಡಿದು ಆ ಊರಿಗೆ ಹೋದಮೇಲೆ ನೀನು ಮನುಷ್ಯರ ಹಾಗೆ ರಾತ್ರಿ ಮಲಗಿ ಬೆಳಿಗ್ಗೆ ಏಳುತ್ತೀಯ. ನೀನು ಫೋನ್ ಮಾಡುವ ಹೊತ್ತಿಗೆ ನಾನು ರಾತ್ರಿ ಪಾಳಿ ಮುಗಿಸಿ ಬಂದು ದಿಂಬಿನ ಕೆಳಗೆ ತಲೆ ತೂರಿಸಿ ಬಿದ್ದಿರುತ್ತೇನೆ. ನನಗೆ ಯಾರ ಜೊತೆಯಾದರೂ ಮಾತಾಡದಿದ್ದರೆ ಸತ್ತೇ ಹೋಗುತ್ತೇನೆ ಅನ್ನಿಸುವ ಹೊತ್ತಿಗೆ ನಿನ್ನ ಗೊರಕೆ ಶುರುವಾಗಿರುತ್ತದೆ. ಕಾಗದಕ್ಕಾದರೆ ಆ ತಾಪತ್ರಯವಿಲ್ಲ. ಬಿಡುವಾದಾಗ ಓದಿಕೊ.

ಮನೆಯಲ್ಲಿ ಯಾರೂ ಇಲ್ಲ. ಭಾನುವಾರವಲ್ಲವೇ, ಅಪ್ಪ ಮಗಳು ಎಲ್ಲೋ ಸುತ್ತಾಡಲು ಹೋಗಿರಬೇಕು. ಅವಳ ಶೂ ಕೂಡ ಮೂಲೆಯಲ್ಲಿಲ್ಲ. ಬೆಳಿಗ್ಗೆ ಬಂದವಳೇ ಯಾರ ಮುಖವನ್ನೂ ನೋಡದೆ ಹಾಸಿಗೆಗೆ ಬಿದ್ದಿದ್ದೆ, ನನ್ನನ್ನು ಎಬ್ಬಿಸಲಿಲ್ಲ, ಪಾಪ. ಅಡುಗೆಮನೆಯಲ್ಲಿ ಊಟ ಹಾಕಿ, ಮೇಲೊಂದು ತಟ್ಟೆ ಮುಚ್ಚಿಟ್ಟು ಹೋಗಿದ್ದಾರೆ. ಒಳ್ಳೆಯವರು ಕಣೇ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವೇ ಸಿಗುವುದಿಲ್ಲ, ಅದೇ ನನ್ನ ಸಿಟ್ಟು.

ನಮ್ಮ ಮಲಗುವ ಕೋಣೆಯ ಬಾಗಿಲಿಗೆ ಮಗಳು ಒಂದು ರಟ್ಟು ನೇತು ಹಾಕಿದ್ದಾಳೆ. 'ಅಮ್ಮ ಮಲಗಿದ್ದಾಳೆ, ಸದ್ದು ಮಾಡಬೇಡಿ' ಎಂದು ಬಣ್ಣದ ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ಕಣ್ಣು ಮುಚ್ಚಿದ ನನ್ನ ಮುಖ. ಮೊದಮೊದಲು ಅದನ್ನು ನೋಡಿ ಮುದ್ದು ಉಕ್ಕುತ್ತಿತ್ತು. ಈಗ ಅದನ್ನು ಯಾರೂ ತೆಗೆಯುವುದೇ ಇಲ್ಲ. ಎಷ್ಟೋ ಭಾನುವಾರ ಮಧ್ಯಾಹ್ನ ನಿದ್ದೆ ಬಾರದೆ ಪರದೆಯ ಸಂದಿಯ ಬೆಳಕು ನೋಡುತ್ತಾ ಬಿದ್ದಿರುತ್ತೇನೆ. ಹೊರಗೆ ಅವರಿಬ್ಬರೂ ಪಿಸುಪಿಸು ಎಂದು ಏನೋ ಹೇಳಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ಕೇಳಿಸುತ್ತದೆ. ಎದ್ದು ಹೋಗಿ ನಾನೂ ನಗಬೇಕು ಅನ್ನಿಸುತ್ತದೆ. ಆದರೆ ನಾನು ಬಾಗಿಲು ತೆಗೆದ ಕೂಡಲೇ ಇಬ್ಬರೂ ತಪ್ಪು ಮಾಡಿದವರಂತೆ ಬಾಯಿ ಮುಚ್ಚಿಕೊಳ್ಳುತ್ತಾರೆ. 'ಎಚ್ಚರ ಆಯ್ತಾ? ನಾವು ಗಲಾಟೆ ಮಾಡಿದ್ವಾ?' ನನ್ನ ಮನೆಯಲ್ಲಿ ನಾನೇ ಪೇಷೆಂಟು.

ನಮ್ಮೆಜಮಾನರು ಪ್ರಿಂಟಿಂಗ್ ಪ್ರೆಸ್ಸಿಗೆ ಹೊರಡುವಾಗ ನಾನು ಡ್ಯೂಟಿ ಮುಗಿಸಿ ಬರುತ್ತೇನೆ. ಬಾಗಿಲಲ್ಲಿ ನಿಂತೇ ಸಂಸಾರ. 'ಹಾಲು ಕುಡಿದಿದಾಳೆ, ಲೆಕ್ಕ ಮಾಡಿಸಿದೀನಿ, ಸ್ವಲ್ಪ ಮೂತಿ ಊದಿಸಿಕೊಂಡಿದಾಳೆ, ನೋಡ್ಕೋ' ಎಂದು ಅವರು ಒಪ್ಪಿಸುತ್ತಾರೆ. ನಾವು ವಾರ್ಡಿನಲ್ಲಿ ಪಾಳಿ ಒಪ್ಪಿಸುತ್ತೇವಲ್ಲ, ಥೇಟ್ ಹಾಗೇ. ಒಂದು ದಿನ ನಾನು ಮರೆತು 'ಮೋಷನ್ ಆಯ್ತಾ?' ಎಂದು ಕೇಳಿಬಿಟ್ಟೆ. ಅವರು ನಗುತ್ತಾ ಮೆಟ್ಟಿಲಿಳಿದು ಹೋದರು. ನನ್ನ ಜೊತೆ ನಗಲು ನಿಲ್ಲುವಷ್ಟು ಹೊತ್ತು ಅವರಿಗಿರಲಿಲ್ಲ.

ನಿನಗೆ ನೆನಪಿದೆಯಾ, ಪ್ರತಿ ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಹತ್ತಿರ ನಾವು ಆಡುತ್ತಿದ್ದ ಆಟ? ತಲೆಗೆ ಪೆಟ್ಟಾದವರಿಗೆ ಎಚ್ಚರ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಕೇಳುತ್ತೇವಲ್ಲ, ಆ ಮೂರು ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಂಡೇ ಬಸ್ ಹತ್ತುತ್ತಿದ್ದೆವು. ಹೆಸರೇನು? ಎಲ್ಲಿದ್ದೀಯ? ಇವತ್ತು ಯಾವ ವಾರ? ಮೊದಲ ದಿನ ನೀನು ಹೆಸರು ಕೇಳಿದ್ದಕ್ಕೆ ನಾನು 'ಸಿಸ್ಟರ್' ಎಂದೆ, ನಿದ್ದೆಗಣ್ಣಲ್ಲಿ ಬೇರೇನೂ ಹೊಳೆಯಲೇ ಇಲ್ಲ. 'ಸಿಸ್ಟರ್ ಅಂತೆ ಸಿಸ್ಟರ್! ಗೂಬೆ ಕಣೇ ನೀನು, ಗೂಬೆ!' ಎಂದು ನೀನು ಬೈದೆ. ಬೈದಮೇಲೆ ನಮ್ಮಿಬ್ಬರಿಗೂ ಹೊಳೆಯಿತು, ರಾತ್ರಿಯೆಲ್ಲ ಕಣ್ಣು ಬಿಟ್ಟು ಕೂರುವವಳಿಗೆ ಇದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ ಎಂದು. ಅಂದಿನಿಂದ ನಾನು ಗೂಬೆ, ನೀನು ಬಾವಲಿ. ಮೂರನೇ ಪ್ರಶ್ನೆಗೆ ಉತ್ತರ ಬಾರದ ದಿನ ರಾತ್ರಿ ಪಾಳಿ ಬಿಟ್ಟುಬಿಡಬೇಕು ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆವು. ತಮಾಷೆಗೆ ಕೊಟ್ಟ ಮಾತು ಎಂದುಕೊಂಡಿದ್ದೆ. ನೀನು ಮಾತ್ರ ಒಂದು ಬೆಳಿಗ್ಗೆ 'ಗೊತ್ತಾಗ್ತಿಲ್ಲ ಕಣೇ' ಎಂದವಳು, ಮರುದಿನವೇ ರಾಜೀನಾಮೆ ಬರೆದುಕೊಟ್ಟೆ. ಆಗ ನನಗೆ ಎಂಥ ಕೋಪ ಬಂದಿತ್ತು! ಇಷ್ಟಕ್ಕೆಲ್ಲ ಯಾರಾದರೂ ಬಿಟ್ಟು ಹೋಗುತ್ತಾರೆಯೇ ಎಂದು.

ನೀನು ಹೋದಮೇಲೆ ಆ ಪ್ರಶ್ನೆ ಕೇಳುವವರೇ ಇಲ್ಲ. 'ಹೇಗಿದ್ದೀಯ' ಎಂದು ಎಲ್ಲರೂ ಕೇಳುತ್ತಾರೆ. ಸುಸ್ತು ಎನ್ನುತ್ತೇನೆ. ಮೆಟ್ಟಿಲು ಹತ್ತಿದವರಿಗೂ ಸುಸ್ತು, ಬಟ್ಟೆ ಒಗೆದವರಿಗೂ ಸುಸ್ತು. ನನಗಾಗಿರುವುದಕ್ಕೆ ಆ ಪದ ಎಲ್ಲಿ ಸಾಲುತ್ತದೆ? ಈಚೆಗೆ ಒಬ್ಬ ಹೆಂಗಸು ಗಂಡ ತೀರಿಕೊಂಡನೆಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಅವಳ ಬೆನ್ನು ಸವರುತ್ತಾ ನಾನು ಬಕೆಟ್ಟಿನಲ್ಲಿ ನೆನೆಹಾಕಿ ಬಂದಿದ್ದ ಯೂನಿಫಾರಂ ಬಗ್ಗೆ ಯೋಚಿಸುತ್ತಿದ್ದೆ. ನನ್ನ ಕೈ ಸರಿಯಾಗಿಯೇ ಸವರುತ್ತಿತ್ತು, ಬಾಯಿ ಸರಿಯಾಗಿಯೇ ಸಮಾಧಾನ ಹೇಳುತ್ತಿತ್ತು. ನಾನು ಮಾತ್ರ ಅಲ್ಲಿರಲಿಲ್ಲ. ಇದನ್ನು ಯಾರಿಗೆ ಹೇಳಲಿ ಹೇಳು. ಕೇಳಿದವರು ನನ್ನನ್ನು ಕಲ್ಲು ಎಂದುಕೊಳ್ಳುತ್ತಾರೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮ ವಾರ್ಡಿನ ಬಾಗಿಲ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜ ಇದ್ದಾರೆ. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡು ಬಂದವರು. ಮೊನ್ನೆ ಬೆಳಗಾಗುತ್ತಿದ್ದಂತೆ ಅವರ ಹತ್ತಿರ ಹೋಗಿ ಹೆಸರೇನಜ್ಜ ಎಂದೆ. ಹೇಳಿದರು. ಎಲ್ಲಿದ್ದೀರಿ ಎಂದೆ. 'ಇನ್ನೆಲ್ಲಿ, ನಿಮ್ಮ ಸೆರೆಮನೇಲಿ' ಎಂದರು. ಯಾವ ವಾರ ಎಂದೆ. 'ಗುರುವಾರ.'

ರಾತ್ರಿಯವರೆಗೆ ಎಲ್ಲ ಸರಿ ಹೇಳುತ್ತಿದ್ದ ಮನುಷ್ಯ, ಬುಧವಾರವನ್ನು ಗುರುವಾರ ಎನ್ನುತ್ತಿದ್ದಾರೆ! 'ಸರಿಯಾಗಿ ಯೋಚನೆ ಮಾಡಿ ಹೇಳಿ ಅಜ್ಜ' ಎಂದೆ. ಗುರುವಾರವೇ ಎಂದರು. ಇನ್ನೊಮ್ಮೆ ಕೇಳಿದೆ. ಆಗ ಅವರ ಮುಖ ನೋಡಬೇಕಿತ್ತು ನೀನು. ದುಪ್ಪಟಿಯ ಅಂಚು ಹಿಡಿದುಕೊಂಡು, 'ಅಲ್ವಾ ತಾಯಿ? ಹಾಗಾದ್ರೆ ನನ್ನ ತಲೆ ಕೆಟ್ಟೋಯ್ತಾ?' ಎಂದು ಕೇಳಿದರು. ಕಣ್ಣಲ್ಲಿ ನೀರು ತುಂಬಿತ್ತು. ಡಾಕ್ಟರನ್ನು ಕರೆಸಿದೆ. ಹುಡುಗ ಡಾಕ್ಟರು ಓಡೋಡಿ ಬಂದು ಅಜ್ಜನ ಕಣ್ಣಿಗೆ ಬೆಳಕು ಬಿಟ್ಟು, ಕೈ ಎತ್ತಿಸಿ, ಕಾಲು ಎತ್ತಿಸಿ, 'ಏನಂತಾರೆ ಇವರು?' ಎಂದರು. 'ಇವತ್ತು ಗುರುವಾರ ಅಂತಾರೆ ಡಾಕ್ಟರ್.'

'ಸಿಸ್ಟರ್, ಇವತ್ತು ಗುರುವಾರಾನೇ.'

ವಾರ್ಡಿಗೆ ವಾರ್ಡೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಜ್ಜ, ಪಾಪ, ಹೋದ ಜೀವ ಬಂದಂತಾಗಿತ್ತು ಅವರಿಗೆ. 'ಬಾಮ್ಮ, ನೀನಿಲ್ಲಿ ಮಲ್ಕೋ, ನಾನೆದ್ದು ಎಲ್ರನ್ನೂ ನೋಡ್ಕೋತೀನಿ' ಎಂದರು. ನಾನೂ ನಕ್ಕೆ. ಆಮೇಲೆ ಬೆಡ್‌ಶೀಟ್ ಜೋಡಿಸಿಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಳೋಣ ಎಂದು ಹೋದವಳಿಗೆ ಅಳುವೂ ಬರಲಿಲ್ಲ. ವಾರದ ಬದಲು ಔಷಧಿ ತಪ್ಪಿದ್ದರೆ? ಸರಿಯಾಗಿದ್ದ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದು ನಂಬಿಸಿದವಳ ಕೈಗೆ ನಾಳೆ ಸಿರಿಂಜು ಕೊಡುತ್ತಾರಲ್ಲ!

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಒಂದು ಸಲ ತಪ್ಪಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾ? ಅವತ್ತು ನೀನು ಕೇಳಿರಲಿಲ್ಲ, ನಾನೇ ಇನ್ನೊಬ್ಬರನ್ನು ಕೇಳಿ ಸಿಕ್ಕಿಬಿದ್ದದ್ದು. ಅದು ನಮ್ಮ ಮಾತಿಗೆ ಸೇರುವುದಿಲ್ಲ ಎಂದು ನೀನು ಹೇಳಿದರೆ ನಾನು ತೆಪ್ಪಗೆ ಕೆಲಸಕ್ಕೆ ಹೋಗುತ್ತೇನೆ. ಇಷ್ಟು ವರ್ಷ ಮಾಡಿದ್ದೇನೆ, ಇನ್ನಷ್ಟು ದಿನ ಮಾಡಬಲ್ಲೆ. ಈ ರಾತ್ರಿ ಹೇಗೂ ರಜೆ. ಚೆನ್ನಾಗಿ ನಿದ್ದೆ ಮಾಡಿದರೆ ಎಲ್ಲ ಸರಿಹೋದೀತು.

ಇಲ್ಲಿಗೆ ಮುಗಿಸಿ ಮಡಚಿಟ್ಟಿದ್ದೆ. ಈಗ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಮಗಳು ಬಂದಳು. ಬೆನ್ನ ಮೇಲೆ ಶಾಲೆಯ ಬ್ಯಾಗು. ಭಾನುವಾರ ಬ್ಯಾಗ್ ಹಾಕಿಕೊಂಡು ಎಲ್ಲಿಗೆ ಹೋಗಿದ್ದೆಯೇ ಎಂದೆ. 'ಅಮ್ಮಾ, ಇವತ್ತು ಶನಿವಾರ! ಅರ್ಧ ದಿನ ಸ್ಕೂಲು' ಎಂದು ಕಿಲಕಿಲ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಆಮೇಲೆ ಸದ್ದಾಗದಂತೆ ಶೂ ಬಿಚ್ಚಿ, ತುದಿಗಾಲಲ್ಲಿ ನನ್ನ ಹತ್ತಿರ ಬಂದು, 'ಮಲ್ಕೋ ಹೋಗಮ್ಮ. ನಾನು ಏನೂ ಸದ್ದು ಮಾಡಲ್ಲ' ಎಂದಳು.

ಆಗ ಬಂತು ನೋಡು ಅಳು. ಅಷ್ಟು ದಿನದ್ದೆಲ್ಲ ಸೇರಿ ಬಂತು. ಅವಳನ್ನು ಅಪ್ಪಿಕೊಂಡು, ಸದ್ದು ಮಾಡು, ಏನಾದರೂ ಸದ್ದು ಮಾಡೇ ಎಂದು ಗೋಗರೆದೆ. ಹೆದರಿದ ಮಗು ಏನು ಮಾಡಬೇಕೆಂದು ತೋಚದೆ ತಾನೂ ಜೋರಾಗಿ ಅತ್ತಿತು.

ಶನಿವಾರವೆಂದರೆ ರಜೆಯಲ್ಲ, ಈ ರಾತ್ರಿ ಡ್ಯೂಟಿಗೆ ಹೋಗಬೇಕು. ಕಣ್ಣೊರೆಸಿಕೊಂಡು ಮೇಟ್ರನ್‌ಗೆ ಫೋನ್ ಮಾಡಿ, ರಾತ್ರಿ ಬರಲಾರೆ ಎಂದೆ. ಜ್ವರವಾ ಎಂದು ಕೇಳಿದರು. ಅಲ್ಲ ಎಂದೆ. ಮತ್ತೇನು ಎಂದರು. ಬಾಯಿಗೆ ಬಂದ ಸುಸ್ತು ಎಂಬ ಪದವನ್ನು ನುಂಗಿಕೊಂಡು, 'ನಂಗೆ ವಾರ ಗೊತ್ತಾಗ್ತಿಲ್ಲ ಮೇಡಂ. ರಾತ್ರಿ ಪಾಳಿ ಇನ್ನು ನನ್ನ ಕೈಲಾಗಲ್ಲ' ಎಂದೆ. ಅವರು ಡ್ಯೂಟಿ ಪಟ್ಟಿಯ ಹಾಳೆ ತಿರುವುವುದು ಕೇಳಿಸಿತು. 'ಇವತ್ತು ಬರಬೇಡ. ಸೋಮವಾರ ಹಗಲು ಹೊತ್ತಲ್ಲಿ ಬಂದು ನನ್ನ ನೋಡು' ಎಂದರು. ಅವರು ಪಾಳಿ ಬದಲಿಸುತ್ತಾರೋ, ಕೆಲಸವೇ ಬಿಡಬೇಕಾಗುತ್ತದೋ ಗೊತ್ತಿಲ್ಲ. ಮಾತು ಮಾತ್ರ ಉಳಿಸಿಕೊಂಡೆ, ನಿನಗಿಂತ ತಡವಾಗಿ.

ಮೇಲೆ ಬರೆದ ವಾರವನ್ನು ಹೊಡೆದುಹಾಕಿಲ್ಲ, ಹಾಗೇ ಇರಲಿ. ನಿಜವಾದ ಭಾನುವಾರ ಇನ್ನೂ ಬರಬೇಕಷ್ಟೇ. ಈ ಕಾಗದ ಕೈಸೇರಿದ ದಿನ ಫೋನ್ ಮಾಡು, ಯಾವ ಹೊತ್ತಾದರೂ ಸರಿ, ಬಾಗಿಲಿನ ರಟ್ಟು ತೆಗೆದಿಟ್ಟಿದ್ದೇನೆ. ಹೇಗಿದ್ದೀಯ ಎಂದು ಮಾತ್ರ ಕೇಳಬೇಡ. ಆ ಮೂರನ್ನು ಕೇಳು. ಎರಡಕ್ಕಂತೂ ಈಗಲೇ ಉತ್ತರ ಹೇಳಬಲ್ಲೆ: ಗೂಬೆ, ಮನೆಯಲ್ಲಿದ್ದೇನೆ.

ರಾತ್ರಿ ನಿನಗೆ ಕಣ್ತುಂಬ ನಿದ್ದೆ ಬರಲಿ, ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ನಿನ್ನವರಿರಲಿ.

ಮೂರನೆಯ ಉತ್ತರ ಕಲಿಯುತ್ತಿರುವ,
ನಿನ್ನ ಗೂಬೆ